ಗೃಹವಾಸ್ತುಕದ ಅವಕ್ರಯಿ: ಮೂರು ಸೂತ್ರಗಳ ಅರ್ಥವಿಚಾರ

ಕೌಟಿಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣಕ್ಕೆ ಧರ್ಮಸ್ಥೀಯವೆಂದು ಹೆಸರು. ಅದರ ಎಂಟನೆಯ ಅಧ್ಯಾಯವು ಮನೆಯ ವ್ಯಾಜ್ಯಗಳನ್ನು ಕುರಿತದ್ದಾದುದರಿಂದ ಗೃಹವಾಸ್ತುಕವೆನಿಸಿದೆ. ಗೋಡೆ, ಕಿಟಕಿ, ಬಚ್ಚಲ ನೀರು, ಬಾವಿ ಇವುಗಳ ವಿಚಾರವು ಮುಗಿಯುತ್ತ ಬರುವ ಸ್ಥಳದಲ್ಲಿ ಮೂರು ಪುಟ್ಟ ಸೂತ್ರಗಳಿವೆ. ಬಾಡಿಗೆಯ ಮನೆಯ ಒಡೆಯನಿಗೂ ಅದರಲ್ಲಿ ವಾಸಿಸುವವನಿಗೂ ಮನಸ್ತಾಪ ಹುಟ್ಟಿದಾಗ ಯಾರು ಯಾರನ್ನು ಎಷ್ಟರಮಟ್ಟಿಗೆ ಕದಲಿಸಬಹುದೆಂಬುದನ್ನು ಆ ಗ್ರಂಥವು ಪ್ರಧಾನವಾಗಿ ಈ ಮೂರರಲ್ಲಿಯೇ ಹೇಳಿ ಮುಗಿಸಿದೆ. ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳವರು 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿ 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದಂದಿನಿಂದ ಈ ಸೂತ್ರಗಳು ವಿದ್ವಾಂಸರ ಕಣ್ಣಿಗೆ ಬಿದ್ದಿವೆ. ಆದರೆ ಅವುಗಳ ಅರ್ಥವನ್ನು ಪದಪದವಾಗಿ ವಿಮರ್ಶಿಸುವ ಶ್ರಮಕ್ಕಿಂತ ಅವುಗಳನ್ನು ಯಾವುದಾದರೊಂದು ಪಕ್ಷಕ್ಕೆ ಸಾಕ್ಷಿಯಾಗಿ ಕರೆತರುವ ಆತುರವೇ ಹೆಚ್ಚಾಗಿ ಕಂಡುಬಂದಿದೆ. ಕೆಲವರು ಇದನ್ನು ಭಾರತದ ಮೊತ್ತಮೊದಲ ಬಾಡಿಗೆ ನಿಯಂತ್ರಣ ಶಾಸನವೆಂದು ಕೊಂಡಾಡುವರು. ಮತ್ತೆ ಕೆಲವರು ಧನಿಕನಾದ ಗೃಹಸ್ವಾಮಿಯ ಕೈಗೆ ಕೊಟ್ಟ ದೊಣ್ಣೆಯೆಂದು ಹಳಿಯುವರು. ಬಾಡಿಗೆಯ ಮೊತ್ತ ಎಷ್ಟಿರಬೇಕೆಂಬ ಸೊಲ್ಲೇ ಇಲ್ಲಿ ಇಲ್ಲವಾದುದರಿಂದ ಮೊದಲನೆಯ ಮಾತು ನಿಲ್ಲುವುದಿಲ್ಲ. ಎರಡನೆಯದು ನಿಲ್ಲುವುದೋ ಇಲ್ಲವೋ ಎಂಬುದನ್ನು ಸೂತ್ರಗಳ ಬಾಯಿಂದಲೇ ಕೇಳಬೇಕಾಗಿದೆ.

ಸೂತ್ರಗಳ ತಾತ್ಪರ್ಯವಿಷ್ಟು. ಇರಕೂಡದೆಂದು ಹೇಳಿಸಿಕೊಂಡ ಮೇಲೂ ಮನೆಯಲ್ಲಿ ವಾಸಮಾಡುವವನಿಗೆ ದಂಡ. ಅವಕ್ರಯಿಯನ್ನು, ಎಂದರೆ ಬಾಡಿಗೆಗೆ ಇರುವವನನ್ನು, ಹೊರದೂಡುವವನಿಗೂ ದಂಡ, ಆದರೆ ಪಾರುಷ್ಯ, ಸ್ತೇಯ, ಸಾಹಸ, ಸಂಗ್ರಹಣ, ಮಿಥ್ಯಾಭೋಗ ಈ ಐದು ನಿಮಿತ್ತಗಳಲ್ಲಿ ಇಲ್ಲ. ತಾನಾಗಿಯೇ ಹೊರಟುಹೋಗುವವನು ಆ ವರ್ಷದ ಬಾಡಿಗೆಯಲ್ಲಿ ಉಳಿದದ್ದನ್ನು ತೆತ್ತು ಹೋಗಬೇಕು. ಇಷ್ಟೇ. ದಂಡವೆಷ್ಟೆಂಬುದನ್ನು ಕೂಡ ಈ ಸೂತ್ರಗಳು ತಮ್ಮ ಬಾಯಿಂದ ಹೇಳುವುದಿಲ್ಲ.

ದಂಡದ ಪ್ರಮಾಣವು ಹಿಂದಿನಿಂದ ಅನುವೃತ್ತಿಯಾಗಿ ಬರುತ್ತದೆ. ನೆರೆಯವನ ಗೋಡೆಯನ್ನು ನೀರುಬಿಟ್ಟು ಕೆಡಿಸಿದವನಿಗೆ ಹನ್ನೆರಡು ಪಣ, ಮಲಮೂತ್ರಗಳಿಂದ ಕೆಡಿಸಿದರೆ ಅದರ ಇಮ್ಮಡಿ, ಮಳೆಗಾಲದಲ್ಲಿ ನೀರು ಹರಿದುಹೋಗಲು ದಾರಿ ಬಿಡದಿದ್ದರೆ ಮತ್ತೆ ಹನ್ನೆರಡು ಪಣ ಎಂದು ಹೇಳಿದ ಕೂಡಲೆ ಸೂತ್ರಕಾರನು ಬಾಡಿಗೆಯವನ ಮಾತನ್ನು ಎತ್ತುತ್ತಾನೆ. ಅಲ್ಲಿರುವ ಚಕಾರವು ಹಿಂದಣ ಹನ್ನೆರಡು ಪಣಗಳನ್ನು ಮುಂದಕ್ಕೆ ಎಳೆದು ತರುತ್ತದೆ. ಈ ಅನುವೃತ್ತಿಯನ್ನು ಕೇವಲ ವೈಯಾಕರಣರ ಲಾಘವವೆಂದು ಬಿಟ್ಟುಬಿಡತಕ್ಕದ್ದಲ್ಲ. ಬಿಡದೆ ಕುಳಿತ ಬಾಡಿಗೆಯವನನ್ನೂ ಅನ್ಯಾಯವಾಗಿ ಹೊರಹಾಕಿದ ಒಡೆಯನನ್ನೂ ಶಾಸ್ತ್ರವು ಯಾವ ಗುಂಪಿಗೆ ಸೇರಿಸಿತೆಂಬುದು ಇದರಿಂದ ತಿಳಿಯುತ್ತದೆ. ಅವರು ಕಳ್ಳರ ಸಾಲಿಗೂ ಸೇರಲಿಲ್ಲ, ಸಾಹಸಿಗರ ಸಾಲಿಗೂ ಸೇರಲಿಲ್ಲ. ಪಕ್ಕದ ಗೋಡೆಗೆ ನೀರು ಬಿಟ್ಟವನ ಸಾಲಿಗೆ ಸೇರಿದರು. ಪೂರ್ವಸಾಹಸದಂಡವೆಂಬುದು ಇದೇ ಅಧಿಕರಣದ ಹದಿನೇಳನೆಯ ಅಧ್ಯಾಯದ ಪ್ರಕಾರ ನಾಲ್ವತ್ತೆಂಟರಿಂದ ತೊಂಬತ್ತಾರು ಪಣಗಳವರೆಗೆ ಏರುವುದು. ಅದರ ಮುಂದೆ ಹನ್ನೆರಡು ಅಲ್ಪ. ಆದರೂ ತೀರ ಅಲ್ಪವೂ ಅಲ್ಲ. ಐದನೆಯ ಅಧಿಕರಣದ ವೇತನಪಟ್ಟಿಯಲ್ಲಿ ತೀರ ಕೆಳಗಿನ ಪರಿಚಾರಕನಿಗೆ ಅರುವತ್ತು ಪಣಗಳು. ಅದು ವರ್ಷದ ವೇತನವೆಂದು ಬಹುಮಂದಿ ಗ್ರಹಿಸಿರುವುದರಿಂದ, ಆ ಲೆಕ್ಕದಲ್ಲಿ ಹನ್ನೆರಡು ಪಣವೆಂದರೆ ಬಡವನ ಐದರಲ್ಲೊಂದು ಪಾಲು ದುಡಿಮೆ. ಧನಿಕನಾದ ಒಡೆಯನಿಗೆ ಅದು ಹಗುರ. ಒಂದೇ ದಂಡವು ಇಬ್ಬರ ಮೇಲೆ ಒಂದೇ ಭಾರವಾಗಿ ಬೀಳದೆಂಬುದನ್ನು ಸೂತ್ರಕಾರನು ಇಲ್ಲಿ ಗಣಿಸಿದಂತೆ ಕಾಣುವುದಿಲ್ಲ.

ಇಬ್ಬರಿಗೂ ಸಮದಂಡವೆಂಬುದು ಆಕಸ್ಮಿಕವಾದರೆ ಅದರ ಮೇಲೆ ಏನನ್ನೂ ಕಟ್ಟಲಾಗದು. ಆದರೆ ಅದು ಆಕಸ್ಮಿಕವಲ್ಲವೆಂಬುದಕ್ಕೆ ಹದಿನಾಲ್ಕನೆಯ ಅಧ್ಯಾಯವು ಸಾಕ್ಷಿ. ಅಲ್ಲಿ ಸಂಬಳ ಹಿಡಿದು ಕೆಲಸ ಮಾಡದ ಭೃತ್ಯನಿಗೆ ಹನ್ನೆರಡು ಪಣ. ಕೆಲಸ ಮಾಡಲು ಬಂದವನಿಂದ ಕೆಲಸ ಮಾಡಿಸದ ಯಜಮಾನನಿಗೂ ಹನ್ನೆರಡು ಪಣ. ಒಡಂಬಡಿಕೆಯ ಎರಡು ತುದಿಗಳನ್ನು ಹಿಡಿದವರಲ್ಲಿ ಯಾರು ಕೈಬಿಟ್ಟರೂ ಒಂದೇ ತೂಕದ ದಂಡವೆಂಬುದು ಈ ಶಾಸ್ತ್ರದ ರೂಢಿಯೆಂದು ಇದರಿಂದ ಹೇಳಬಹುದು. ಗೃಹವಾಸ್ತುಕವು ಒಡೆಯನ ಕೈಯ ದೊಣ್ಣೆಯೆಂಬ ಆಕ್ಷೇಪಕ್ಕೆ ಇಷ್ಟರಿಂದಲೇ ಅರ್ಧ ಸಮಾಧಾನ ದೊರೆತಂತಾಯಿತು. ಇನ್ನರ್ಧಕ್ಕೆ ಸೂತ್ರಗಳೊಳಗಿನ ಒಂದು ಗಂಟನ್ನು ಬಿಚ್ಚಬೇಕು.

ದೇವದತ್ತನಿಗೆ ಒಂದು ಮನೆಯಿದೆ. ಅದರ ಒಂದು ಭಾಗದಲ್ಲಿ ಯಜ್ಞದತ್ತನು ಬಾಡಿಗೆಗೆ ಇದ್ದಾನೆ. ದೇವದತ್ತನು ಒಂದು ದಿನ ಇನ್ನು ನೀನು ಇಲ್ಲಿರಕೂಡದೆಂದು ಹೇಳಿದನೆನ್ನೋಣ. ಯಜ್ಞದತ್ತನು ಕದಲದಿದ್ದರೆ ಮೊದಲನೆಯ ಸೂತ್ರದಿಂದ ಅವನು ದಂಡ್ಯ. ಅವನನ್ನು ದೇವದತ್ತನು ಹೊರಕ್ಕೆ ನೂಕಿದರೆ ಎರಡನೆಯ ಸೂತ್ರದಿಂದ ದೇವದತ್ತನು ದಂಡ್ಯ. ಹಾಗಾದರೆ ಯಜ್ಞದತ್ತನು ಇದ್ದರೂ ತಪ್ಪು, ಅವನನ್ನು ಕಳುಹಿಸಿದರೂ ತಪ್ಪು ಎಂದಾಯಿತು. ಒಡೆಯನು ಮನಬಂದಾಗ ಬಿಡಹೇಳಬಹುದೆಂದು ಒಪ್ಪಿದರೆ ಐದು ನಿಮಿತ್ತಗಳನ್ನು ಎಣಿಸಿದ್ದು ವ್ಯರ್ಥವಾಗುವುದು. ಐದು ನಿಮಿತ್ತಗಳ ಹೊರತು ಬಿಡಹೇಳಲೇಬಾರದೆಂದರೆ ಮೊದಲನೆಯ ಸೂತ್ರವು ನಿರವಕಾಶವಾಗುವುದು. ಶಾಸ್ತ್ರದಲ್ಲಿ ವ್ಯರ್ಥವಾದ ವಿಧಿಯನ್ನು ಕಲ್ಪಿಸುವುದು ವ್ಯಾಖ್ಯಾತೃವಿನ ದೋಷವೇ ಹೊರತು ಸೂತ್ರಕಾರನದೆಂದು ಹೇಳುವ ಮುನ್ನ ಬೇರೆ ದಾರಿಯನ್ನು ಹುಡುಕಬೇಕಾದುದು ಮರ್ಯಾದೆ.

ಶಾಮಶಾಸ್ತ್ರಿಗಳವರು ತಮ್ಮ ಅನುವಾದದಲ್ಲಿ ಎರಡನೆಯ ಸೂತ್ರದ ಅವಕ್ರಯಿಯನ್ನು ಬಾಡಿಗೆಯನ್ನು ಸಲ್ಲಿಸಿರುವವನೆಂದು ವಿವರಿಸಿದ್ದಾರೆ. ಆಗ ಬಾಡಿಗೆ ಕೊಡದವನನ್ನು ಮೊದಲನೆಯ ಸೂತ್ರಕ್ಕೂ ಕೊಟ್ಟವನನ್ನು ಎರಡನೆಯದಕ್ಕೂ ಹಂಚಿ ವಿರೋಧವನ್ನು ಪರಿಹರಿಸಿದಂತೆ ಆಗುವುದು. ಪರಿಹಾರವು ಚತುರವಾದದ್ದೇ. ಆದರೆ ಮೂರನೆಯ ಸೂತ್ರವು ಇದಕ್ಕೆ ಒಪ್ಪುವುದಿಲ್ಲ. ತಾನಾಗಿ ಹೊರಡುವವನು ವರ್ಷದ ಬಾಡಿಗೆಯಲ್ಲಿ ಉಳಿದುದನ್ನು ಕೊಡಬೇಕೆಂದು ಅದು ಹೇಳುತ್ತದೆ. ಬಾಡಿಗೆಯು ಮೊದಲೇ ಪೂರ್ತಿಯಾಗಿ ಸಂದಿದ್ದರೆ ಉಳಿಯುವುದೇನು? ಆದುದರಿಂದ ಅವಕ್ರಯಿಯೆಂದರೆ ಅವಕ್ರಯಕ್ಕೆ ಒಡಂಬಟ್ಟು ಇರುವವನೆಂದಷ್ಟೇ ಅರ್ಥ; ಕೊಟ್ಟು ತೀರಿಸಿದವನೆಂಬ ವಿಶೇಷಣವನ್ನು ಆ ಶಬ್ದದ ಮೇಲೆ ಹೊರಿಸುವುದಕ್ಕೆ ಸೂತ್ರದಲ್ಲಿ ಆಧಾರವಿಲ್ಲ. ದುರ್ಗಮವಾದ ಗ್ರಂಥವೊಂದನ್ನು ಟೀಕೆಯ ಊರುಗೋಲಿಲ್ಲದೆ ಮೊದಲಬಾರಿಗೆ ದಾಟಿದವರ ಹೆಜ್ಜೆಯಲ್ಲಿ ಇಂಥ ಒಂದೆರಡು ಎಡವುಗಳನ್ನು ಕಾಣುವುದು ಹಿಂದೆ ಬಂದವರಿಗೆ ಸುಲಭ. ಅದರಿಂದ ಅವರ ಉಪಕಾರಕ್ಕೆ ಕುಂದಿಲ್ಲ.

ಇನ್ನೊಂದು ಪಕ್ಷವಿದೆ. ಎರಡು ಸೂತ್ರಗಳೂ ಐದು ನಿಮಿತ್ತಗಳನ್ನೇ ಅವಲಂಬಿಸಿವೆ. ಕಾರಣವಿದ್ದು ಬಿಡಹೇಳಿದಾಗ ಬಿಡದವನು ತಪ್ಪಿತಸ್ಥ, ಕಾರಣವಿಲ್ಲದೆ ಹೊರಹಾಕಿದಾಗ ಒಡೆಯನು ತಪ್ಪಿತಸ್ಥ, ಹೀಗೆ ಅವು ಕನ್ನಡಿಯ ಎರಡು ಮುಖಗಳೆಂದು ಹೇಳಬಹುದು. ಇದು ಕೇಳುವುದಕ್ಕೆ ಇಂಪಾಗಿದೆ. ಆದರೆ ನಿಮಿತ್ತಗಳ ಪಟ್ಟಿಯು ಎರಡನೆಯ ಕ್ರಿಯೆಯ ಬಳಿಕ, ಅದಕ್ಕೇ ಅಂಟಿಕೊಂಡು ಬಂದಿದೆ. ಮೊದಲನೆಯದಕ್ಕೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಅಲ್ಲದೆ ಆ ಐದರಲ್ಲಿ ಇಲ್ಲದಿರುವುದೇನೆಂಬುದನ್ನು ಗಮನಿಸಬೇಕು. ಬಾಡಿಗೆ ಕೊಡದಿರುವುದು ಇಲ್ಲ. ಒಡೆಯನಿಗೆ ತನ್ನ ವಾಸಕ್ಕಾಗಿ ಮನೆ ಬೇಕಾಗಿರುವುದೂ ಇಲ್ಲ. ಗೃಹಸ್ವಾಮಿಗೂ ಬಾಡಿಗೆಯವನಿಗೂ ನಡೆಯುವ ವ್ಯಾಜ್ಯಗಳಲ್ಲಿ ಎಲ್ಲ ಕಾಲದಲ್ಲಿಯೂ ಮುಂದೆ ನಿಲ್ಲುವ ಕಾರಣಗಳು ಇವೆರಡೇ. 1961ರ ಬಾಡಿಗೆ ನಿಯಂತ್ರಣದ ಶಾಸನದಲ್ಲಿಯೂ ಅದರ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮದಲ್ಲಿಯೂ ಇವು ತೆರವಿನ ಕಾರಣಗಳಾಗಿ ನಿಂತಿವೆ. ಸಣ್ಣಪುಟ್ಟ ಲೌಕಿಕಗಳನ್ನೂ ಬಿಡದ ಕೌಟಿಲ್ಯನು ಇವುಗಳನ್ನು ಮರೆತನೆಂದರೆ ನಂಬುವುದು ಕಷ್ಟ. ಮರೆಯಲಿಲ್ಲವೆಂದಾದರೆ ಅವುಗಳಿಗೆ ಬೇರೊಂದು ಬಾಗಿಲು ಇದ್ದಿರಲೇಬೇಕು.

ಆ ಬಾಗಿಲು ವರ್ಷ. ಮೂರನೆಯ ಸೂತ್ರದಲ್ಲಿ ಬರುವ ವರ್ಷಶಬ್ದವು ಸಿಂಹಾವಲೋಕನನ್ಯಾಯದಿಂದ ಹಿಂದಣ ಎರಡು ಸೂತ್ರಗಳನ್ನೂ ನೋಡುತ್ತದೆ. ಬಾಡಿಗೆಯ ಒಪ್ಪಂದವು ವರ್ಷಕ್ಕೆ ವರ್ಷ ನಡೆಯತಕ್ಕದ್ದು. ವರ್ಷ ತುಂಬಿದ ಮೇಲೆ ಒಡೆಯನು ಇನ್ನು ಇರಬೇಡವೆನ್ನಬಹುದು. ಅದಕ್ಕೆ ಅವನು ಕಾರಣ ಹೇಳಬೇಕಾಗಿಲ್ಲ. ತನಗೆ ಬೇಕೆಂದಾದರೂ ಸರಿ, ಬಾಡಿಗೆ ಬರಲಿಲ್ಲವೆಂದಾದರೂ ಸರಿ. ಹಾಗೆ ಹೇಳಿಸಿಕೊಂಡವನು ಮೊದಲನೆಯ ಸೂತ್ರದ ಪ್ರತಿಷಿದ್ಧ. ವರ್ಷದ ನಡುವೆ ಮಾತ್ರ ಒಡೆಯನು ಕೈಯಿಕ್ಕಬಾರದು. ಇಕ್ಕಿದರೆ ಅದು ಎರಡನೆಯ ಸೂತ್ರದ ನಿರಸನ. ಬಾಡಿಗೆಯವನು ನಡುವರ್ಷದಲ್ಲಿ ಬಿಟ್ಟುಹೋದರೆ ಮಿಕ್ಕ ತಿಂಗಳುಗಳ ಬಾಡಿಗೆಯು ಅವನ ತಲೆಯ ಮೇಲೆ. ಹೀಗೆ ಓದಿದಾಗ ಮೂರು ಸೂತ್ರಗಳಿಗೂ ಬೇರೆಬೇರೆ ಅವಕಾಶ ದೊರೆತು ಯಾವುದೂ ವ್ಯರ್ಥವಾಗದೆ ನಿಲ್ಲುತ್ತದೆ. ವರ್ಷವೆಂಬ ಒಂದೇ ಅವಧಿಯು ಒಡೆಯನನ್ನೂ ಕಟ್ಟುತ್ತದೆ, ವಾಸಿಸುವವನನ್ನೂ ಕಟ್ಟುತ್ತದೆ. ದೇವದತ್ತನು ನೂಕಬಾರದ ಕಾಲದಲ್ಲಿ ಯಜ್ಞದತ್ತನು ಬಿಟ್ಟುಹೋಗಲೂಬಾರದು, ಹೋದರೆ ತೆರಬೇಕು. ಬಾಕಿಯುಳಿದ ಬಾಡಿಗೆಯು ನಡುವರ್ಷದಲ್ಲಿ ಋಣವೇ ಆದುದರಿಂದ ಅದರ ವಸೂಲಿಗೆ ಋಣಾದಾನದ ಪ್ರಕರಣವಿದೆ. ಅದಕ್ಕಾಗಿ ಮನೆಯಿಂದ ಎಬ್ಬಿಸಬೇಕಾಗಿಲ್ಲ.

ಈಗ ಐದು ನಿಮಿತ್ತಗಳು. ಇವುಗಳಲ್ಲಿ ಮೊದಲಿನ ನಾಲ್ಕು ಈ ಶಾಸ್ತ್ರದಲ್ಲಿ ಬೇರೆಡೆ ವಿಚಾರಿತವಾದ ಪಾರಿಭಾಷಿಕ ಶಬ್ದಗಳು. ಪಾರುಷ್ಯಕ್ಕೆ ವಾಕ್ಪಾರುಷ್ಯ, ದಂಡಪಾರುಷ್ಯ ಎಂದು ಹದಿನೆಂಟು ಹತ್ತೊಂಬತ್ತನೆಯ ಅಧ್ಯಾಯಗಳಿವೆ, ಸಾಹಸಕ್ಕೆ ಹದಿನೇಳನೆಯದು. ಸಂಗ್ರಹಣವೆಂಬುದನ್ನು ಶಾಮಶಾಸ್ತ್ರಿಗಳವರು ಅಪಹರಣವೆಂಬರ್ಥದಲ್ಲಿ ಹೇಳಿರುವುದು ಸಾಲದು. ಧರ್ಮಶಾಸ್ತ್ರದ ರೂಢಿಯಲ್ಲಿ ಅದು ಪರಸ್ತ್ರೀಯೊಡನೆ ಮಾಡುವ ವ್ಯವಹಾರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಯಾಜ್ಞವಲ್ಕ್ಯಸ್ಮೃತಿಯ ಆ ಪ್ರಕರಣದಲ್ಲಿ ಅದೇ ಅರ್ಥವನ್ನು ಹಿಡಿದಿದ್ದಾನೆ. ಈ ನಾಲ್ಕನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಮನೆಯ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಬೈಗುಳ, ಹೊಡೆತ, ಕಳವು, ಬಲಾತ್ಕಾರ, ಹೆಂಗಸರ ವಿಷಯದಲ್ಲಿ ಅನಾಚಾರ: ಇವೆಲ್ಲ ದೂರದ ಬೀದಿಯಲ್ಲಿ ಬೇರೆಯಾಗಿ ನಿಂತ ಮನೆಯ ದೂರುಗಳಲ್ಲ. ಒಂದೇ ಅಂಗಳವನ್ನು ತುಳಿಯುವ ಎರಡು ಸಂಸಾರಗಳ ದೂರುಗಳಿವು. ಈ ಊಹೆಗೆ ಮುಂದಿನ ಸೂತ್ರಗಳೇ ಬೆಂಬಲ. ಬಾಡಿಗೆಯವನ ಮಾತು ಮುಗಿದ ಒಡನೆ ಶಾಸ್ತ್ರವು ಹಲವರಿಗೆ ಸಾಧಾರಣವಾದ ಮನೆಯಲ್ಲಿ ನೆರವು ಕೊಡದವನನ್ನೂ ಸಾಧಾರಣ ಭೋಗವನ್ನು ತಡೆಯುವವನನ್ನೂ ಎತ್ತಿಕೊಂಡು ಅವರಿಗೂ ಅದೇ ಹನ್ನೆರಡು ಪಣಗಳನ್ನು ವಿಧಿಸುತ್ತದೆ. ಅಧ್ಯಾಯದ ಕೊನೆಯ ಶ್ಲೋಕವು ಅಂಗಳ, ಕಕ್ಕಸು, ಬೆಂಕಿಯ ಮನೆ, ಕುಟ್ಟುವ ಮನೆ, ತೆರೆದ ಜಾಗಗಳು ಎಲ್ಲರ ಬಳಕೆಗೆ ಸೇರಿದವೆಂದು ಹೇಳಿ ಮುಗಿಸುತ್ತದೆ. ಒನಕೆಯ ಸರದಿಗೆ ಜಗಳವಾಡುವ, ಬಚ್ಚಲ ನೀರಿಗೆ ಜಗಳವಾಡುವ ನೆರೆಹೊರೆಯಲ್ಲಿ ಈ ಮೂರು ಸೂತ್ರಗಳು ಹುಟ್ಟಿವೆ. ಅರ್ಥಶಾಸ್ತ್ರವೆಂದರೆ ಮಂಡಲ, ಷಾಡ್ಗುಣ್ಯ, ಗೂಢಚಾರರು ಎಂದಷ್ಟೇ ಪಾಠಹೇಳುವವರು ಈ ಒಂದು ಅಧ್ಯಾಯವನ್ನು ತರಗತಿಯಲ್ಲಿ ಓದಿಸಿದರೆ ಗ್ರಂಥದ ಇನ್ನೊಂದು ಮುಖವು ವಿದ್ಯಾರ್ಥಿಗಳಿಗೆ ಕಂಡೀತು.

ಆದರೆ ಪಾರುಷ್ಯವನ್ನು ಈ ಪಟ್ಟಿಗೆ ಸೇರಿಸಿದ್ದರಲ್ಲಿ ಶಾಸ್ತ್ರವು ಒಂದು ಕಠಿನತೆಯನ್ನು ತಂದುಕೊಂಡಿದೆ. ಕುರುಡ, ಕುಂಟ ಎಂದು ಇದ್ದ ಊನವನ್ನೇ ಆಡಿಕೊಂಡರೆ ಮೂರು ಪಣ, ಇಲ್ಲದುದನ್ನು ಹೊರಿಸಿ ಆಡಿಕೊಂಡರೆ ಆರು ಪಣ ಎಂದು ಹದಿನೆಂಟನೆಯ ಅಧ್ಯಾಯವು ಬೈಗುಳನ್ನು ತೂಗಿ ಅಳೆದಿದೆ. ಇಲ್ಲಿಯಾದರೋ ತೂಕವಿಲ್ಲ, ಅಳತೆಯಿಲ್ಲ. ಮೂರು ಪಣದ ಮಾತಿಗೆ ಯಜ್ಞದತ್ತನು ಹೆಂಡತಿಮಕ್ಕಳೊಡನೆ ಬೀದಿಗೆ ಬೀಳುವನು. ಜಗಳಗಂಟಿಯಾದ ಒಡೆಯನಿಗೆ ಇದಕ್ಕಿಂತ ಸುಲಭವಾದ ಸಾಧನ ಬೇಕೆ? ಮೊದಲು ತಾನೇ ಕೆಣಕಿ, ಎದುರುಮಾತು ಬಂದೊಡನೆ ಪಾರುಷ್ಯವೆಂದು ಕೂಗಿ, ನಡುವರ್ಷದಲ್ಲಿ ಬಾಗಿಲು ತೋರಿಸಬಹುದು. ಇದಕ್ಕೆ ತಡೆಯೇನಾದರೂ ಉಂಟೇ ಎಂದರೆ ಅಧ್ಯಾಯದ ಮೊದಲ ಸೂತ್ರವೊಂದೇ: ವಾಸ್ತುವಿನ ವ್ಯಾಜ್ಯಗಳೆಲ್ಲ ಸಾಮಂತರ, ಎಂದರೆ ನೆರೆಹೊರೆಯವರ, ನುಡಿಯ ಮೇಲೆ ತೀರತಕ್ಕವು. ಯಾರು ಮೊದಲು ಬೈದರೆಂಬುದನ್ನು ಪಕ್ಕದ ಗೋಡೆಯವರು ಬಲ್ಲರು. ಆದರೆ ಅದು ಸಾಕ್ಷ್ಯದ ತಡೆಯೇ ಹೊರತು ವಿಧಿಯ ತಡೆಯಲ್ಲ. ನೆರೆಯವರು ಒಡೆಯನಿಗೆ ಅಂಜಿದರೆ ಯಜ್ಞದತ್ತನಿಗೆ ಗತಿಯಿಲ್ಲ. ಇಲ್ಲಿ ಸೂತ್ರಕಾರನ ಲಾಘವವು ಬಡವನಿಗೆ ದುಬಾರಿಯಾಗಿದೆಯೆಂದೇ ಹೇಳಬೇಕು.

ಐದನೆಯದಾದ ಮಿಥ್ಯಾಭೋಗವು ವಾದಗ್ರಸ್ತ. ಮನೆಯನ್ನು ಹೇಗೆಂದರೆ ಹಾಗೆ, ಕೊಟ್ಟ ಉದ್ದೇಶಕ್ಕೆ ವಿರುದ್ಧವಾಗಿ ಬಳಸುವುದೆಂದು ಒಂದರ್ಥ ಮಾಡಬಹುದು. ಜೂಜಿಗೋ ಕಳ್ಳಸಾಮಾನಿಗೋ ಎಡೆಗೊಟ್ಟಂತೆ. ಸುಳ್ಳು ಹಕ್ಕನ್ನು ಹೂಡಿ ಅನುಭವಿಸುವುದೆಂದು ಇನ್ನೊಂದರ್ಥ. ಶಾಮಶಾಸ್ತ್ರಿಗಳವರ ಅನುವಾದವು ಈ ಎರಡನೆಯದು. ಈ ಸ್ಥಳದಲ್ಲಿ ಅವರೇ ಸರಿ. ಮಿಥ್ಯಾಶಬ್ದವು ವಾಕ್ಪಾರುಷ್ಯದ ಅಧ್ಯಾಯದಲ್ಲಿ ಸುಳ್ಳು ಆಪಾದನೆಯನ್ನು ಹೇಳುವಾಗ ಬಂದಿದೆ. ಅಲ್ಲಿ ಅದಕ್ಕೆ ಅಸತ್ಯವೆಂದಲ್ಲದೆ ಅನುಚಿತವೆಂಬ ಅರ್ಥವಿಲ್ಲ. ಭೋಗಶಬ್ದವೂ ಹದಿನಾರನೆಯ ಅಧ್ಯಾಯದಲ್ಲಿ ಸ್ವತ್ತಿನ ಹಕ್ಕಿಗೆ ಗುರುತಾದ ಅನುಭವವನ್ನೇ ಹೇಳುತ್ತದೆ. ಅದೇ ಅಧ್ಯಾಯದ ಇನ್ನೊಂದು ನಿಯಮವನ್ನು ಇದರ ಪಕ್ಕದಲ್ಲಿ ಇಟ್ಟರೆ ಸಂದೇಹವು ಬಹುಮಟ್ಟಿಗೆ ಕಳೆಯುವುದು. ಒಡೆಯನು ತಾನು ವಾಸಿಸದೆ ಇಪ್ಪತ್ತು ವರ್ಷ ಉಪೇಕ್ಷಿಸಿ ಅನ್ಯರ ವಶದಲ್ಲಿ ಬಿಟ್ಟ ವಾಸ್ತುವನ್ನು ಮರಳಿ ಕೇಳಕೂಡದೆಂದು ಆ ನಿಯಮ. ಚರಸ್ವತ್ತಿಗೆ ಹತ್ತೇ ವರ್ಷ. ಬಾಲರು, ವೃದ್ಧರು, ರೋಗಿಗಳು, ದೇಶಾಂತರ ಹೋದವರು ಮೊದಲಾದವರನ್ನು ಹತ್ತು ವರ್ಷಗಳ ನಿಯಮದಿಂದ ಬಿಟ್ಟಿರುವುದುಂಟು. ಹಾಗಾದರೆ ಬಾಡಿಗೆಯನ್ನು ನಿಲ್ಲಿಸಿ ಈ ಮನೆ ನನ್ನದೇ ಎನ್ನತೊಡಗಿದ ಯಜ್ಞದತ್ತನು ದೇವದತ್ತನಿಗೆ ಬರಿಯ ತಂಟೆಗಾರನಲ್ಲ, ಕಾಲಾಂತರದಲ್ಲಿ ಮನೆಯನ್ನೇ ನುಂಗಬಲ್ಲವನು. ಅಂಥವನನ್ನು ವರ್ಷ ತುಂಬುವವರೆಗೆ ಕಾಯದೆ ಕೂಡಲೆ ಹೊರಹಾಕಲು ಶಾಸ್ತ್ರವು ಒಡೆಯನಿಗೆ ಅನುಮತಿ ಕೊಟ್ಟದ್ದು ಸಹೇತುಕ. ಬಳಕೆ ಕೆಟ್ಟದ್ದೆಂಬ ಅರ್ಥದಲ್ಲಿ ಈ ಅವಸರಕ್ಕೆ ಇಷ್ಟು ಬಲವಾದ ಕಾರಣ ಸಿಕ್ಕುವುದಿಲ್ಲ.

ಇಪ್ಪತ್ತು ವರ್ಷಗಳ ಈ ಲೆಕ್ಕವು ಯಾಜ್ಞವಲ್ಕ್ಯನಲ್ಲಿಯೂ ಭೂಮಿಯ ವಿಷಯದಲ್ಲಿ ಬಂದಿದೆ. ಅಲ್ಲಿ ವಿಜ್ಞಾನೇಶ್ವರನು ಮಾಡಿದ ವ್ಯಾಖ್ಯಾನವು ಪ್ರಸಿದ್ಧ. ನೋಡುತ್ತ ಸುಮ್ಮನಿದ್ದ ಒಡೆಯನಿಗೆ ಹಾನಿಯೆಂದರೆ ಫಲದ ಹಾನಿಯೇ ಹೊರತು ಸ್ವತ್ತಿನ ಹಾನಿಯಲ್ಲ. ಅನುಭವಮಾತ್ರದಿಂದ ಸ್ವಾಮ್ಯ ಹುಟ್ಟದು. ಕಲ್ಯಾಣದ ಪಂಡಿತನ ಈ ವ್ಯಾಖ್ಯಾನವನ್ನು ಒಪ್ಪಿದರೆ ಮಿಥ್ಯಾಭೋಗದ ವಿಷವು ಅರ್ಧಕ್ಕೆ ಇಳಿಯಿತು. ಕೌಟಿಲ್ಯನ ಗ್ರಂಥದಲ್ಲಿ ಈ ಮೃದುತ್ವವಿಲ್ಲವಾದುದರಿಂದಲೇ ಅಲ್ಲಿ ನಿರಸನದ ಅನುಮತಿಯೂ ಬೇಕಾಯಿತೆಂದು ತೋರುತ್ತದೆ. ಈ ಕಾಲದ ಕಾಯಿದೆಯು ಎರಡರ ನಡುವೆ ಇದೆ. ಬಾಡಿಗೆಯವನು ತಾನೇ ಒಡೆಯನೆಂದು ಸಾಧಿಸಹೊರಟರೆ ಅವನ ಗುತ್ತಿಗೆಯು ಮುಟ್ಟುಗೋಲಿಗೆ ಗುರಿಯಾಗುವುದೆಂದು 1882ರ ಸ್ವತ್ತು ವರ್ಗಾವಣೆಯ ಅಧಿನಿಯಮದ 111ನೆಯ ಪ್ರಕರಣವು ಹೇಳುತ್ತದೆ. ಬಾಡಿಗೆಯು ಕೊನೆಗೊಂಡ ಮೇಲೆ ಹನ್ನೆರಡು ವರ್ಷಗಳೊಳಗೆ ಒಡೆಯನು ಸ್ವಾಧೀನಕ್ಕೆ ದಾವೆ ಹೂಡಬೇಕೆಂದು 1963ರ ಕಾಲಪರಿಮಿತಿ ಅಧಿನಿಯಮವು ಹೇಳುತ್ತದೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಕೌಟಿಲ್ಯನು ಐದು ನಿಮಿತ್ತಗಳಲ್ಲಿ ಒಡೆಯನ ಸ್ವಂತ ಕೈಯನ್ನೇ ಬಿಟ್ಟಿದ್ದಾನೆ. ಇಂದು ಕಾನೂನಿನ ಕ್ರಮವನ್ನು ಬಿಟ್ಟು ಹೊರಹಾಕಿಸಿಕೊಂಡವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಮರಳಿ ಒಳಗೆ ಬರಬಹುದು.

ಇನ್ನು ಸೂತ್ರಗಳ ಮೌನ. ವರ್ಷ ತುಂಬಿತು, ದೇವದತ್ತನು ಬಿಡಹೇಳಿದನು, ಯಜ್ಞದತ್ತನು ಹನ್ನೆರಡು ಪಣಗಳನ್ನು ತೆತ್ತು ಮತ್ತೆ ಒಳಗೆ ಹೋಗಿ ಚಾಪೆ ಹಾಸಿದನು. ಮುಂದೇನು? ದಂಡವು ಒಂದು ಸಾರಿಯೋ, ದಿನಕ್ಕೊಂದು ಸಾರಿಯೋ? ಅವನನ್ನು ಈಗಲಾದರೂ ನೂಕಬಹುದೇ? ಶಾಸ್ತ್ರವು ಹೇಳುವುದಿಲ್ಲ. ಭೃತ್ಯನ ವಿಷಯದಲ್ಲಾದರೋ ಹನ್ನೆರಡು ಪಣಗಳೊಡನೆ ಕೆಲಸ ಮಾಡುವವರೆಗೂ ಅವನನ್ನು ತಡೆದಿಡಬೇಕೆಂಬ ಮಾತನ್ನು ಸೂತ್ರಕಾರನು ಸೇರಿಸಿದ್ದಾನೆ. ತನಕವೆಂಬ ಮಾತನ್ನು ಅಲ್ಲಿ ಬಲ್ಲವನು ಇಲ್ಲಿ ಅದನ್ನು ಬಳಸಲಿಲ್ಲ. ಇದನ್ನು ಬಾಡಿಗೆಯವನ ಮೇಲಿನ ಕನಿಕರವೆಂದು ಹೊಗಳುವುದಕ್ಕಿಂತ ಕೊರತೆಯೆಂದು ಒಪ್ಪುವುದೇ ನ್ಯಾಯ. ಏಕೆಂದರೆ ಧನವಂತನೂ ಮೊಂಡನೂ ಆದ ಬಾಡಿಗೆಯವನಿಗೆ ಹನ್ನೆರಡು ಪಣವು ಇನ್ನೊಂದು ವರ್ಷದ ಅಗ್ಗದ ಬಾಡಿಗೆಯಷ್ಟೇ ಆಗಬಹುದು. ಮನೆಯನ್ನೇ ನಂಬಿಕೊಂಡ ಬಡ ಒಡೆಯನು ಆಗ ಬಾಗಿಲ ಹೊರಗೆ ನಿಲ್ಲುವನು.

ಈ ಕೊರತೆಯನ್ನು ಕಾತ್ಯಾಯನಸ್ಮೃತಿಯು ತುಂಬಿದೆ. ಮನೆ, ನೀರು, ಅಂಗಡಿ ಮೊದಲಾದವನ್ನು ಭಾಟಕಕ್ಕೆ ಪಡೆದವನು ಒಡೆಯನಿಗೆ ಹಿಂದಿರುಗಿಸುವವರೆಗೂ ಭಾಟಕವನ್ನು ಕೊಡಿಸಲ್ಪಡತಕ್ಕವನೆಂದು ಅಲ್ಲಿ ವಿಧಿ. ದಂಡವು ರಾಜನಿಗೆ ಹೋಗುವುದು, ಭಾಟಕವು ಒಡೆಯನಿಗೆ ಹೋಗುವುದು. ನಷ್ಟಪಟ್ಟವನಿಗೆ ನಷ್ಟವು ದಿನದಿನಕ್ಕೂ ಭರ್ತಿಯಾಗುವಂತೆ ಮಾಡಿದ ಈ ವಿಧಿಯು ಕೌಟಿಲೀಯಕ್ಕಿಂತ ಒಂದು ಹೆಜ್ಜೆ ಮುಂದಿದೆ. ನಾರದನ ಕಣ್ಣು ಇನ್ನೊಂದು ಕಡೆಗೆ. ಪರರ ನಿವೇಶನದಲ್ಲಿ ಬಾಡಿಗೆ ತೆತ್ತು ತಾನೇ ಮನೆ ಕಟ್ಟಿಕೊಂಡವನು ಹೊರಡುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡುಹೋಗಬಹುದು; ಬಾಡಿಗೆ ತೆರದೆ ಇದ್ದವನು ಹುಲ್ಲುಕಡ್ಡಿಯನ್ನೂ ಮುಟ್ಟಕೂಡದು. ಎಬ್ಬಿಸುವ ವ್ಯಾಜ್ಯದ ಕಟ್ಟಕಡೆಯ ಗಳಿಗೆಯಲ್ಲಿ, ಗಾಡಿಗೆ ಸಾಮಾನು ಏರಿಸುವಾಗ, ಹುಟ್ಟುವ ಜಗಳವನ್ನು ನಾರದನೊಬ್ಬನೇ ಕಂಡಂತಿದೆ. ಆದರೆ ನಡುವರ್ಷದಲ್ಲಿ ನೂಕಬಾರದೆಂಬ ಕಟ್ಟಳೆಯನ್ನೂ ಐದು ನಿಮಿತ್ತಗಳ ಎಣಿಕೆಯನ್ನೂ ಈ ಎರಡು ವಿಧಿಗಳು ಇಟ್ಟುಕೊಂಡಿಲ್ಲ. ಇವು ಬಾಡಿಗೆಯನ್ನೂ ಸಾಮಾನನ್ನೂ ರಕ್ಷಿಸಿದವು. ವಾಸವನ್ನು ರಕ್ಷಿಸಿದ್ದು ಅರ್ಥಶಾಸ್ತ್ರ.

ಈ ಸೂತ್ರಗಳನ್ನು ಕನ್ನಡಿಸುವವರಿಗೆ ಒಂದು ತೊಡಕಿದೆ. ಅವಕ್ರಯಿಗೆ ಬಾಡಿಗೆದಾರನೆಂಬ ಮಾತು ಒಪ್ಪುತ್ತದೆ. ಪ್ರತ್ಯಯವು ಪಾರಸಿಯದಾದರೂ ಪದವು ಬಳಕೆಯಲ್ಲಿ ನಿಂತಿದೆ. ಒಕ್ಕಲು ಎಂಬ ಅಚ್ಚ ಮಾತು ಅದಕ್ಕಿಂತ ಹಿರಿದು. ವಾಸ, ಸಂಸಾರ, ಬೇಸಾಯಗಾರ, ಪರರ ನೆಲದಲ್ಲಿ ಇರುವವನು ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಗಿವೆ, ಹೊಸ ಮನೆಯ ಪ್ರವೇಶಕ್ಕೂ ಮನೆಯೊಕ್ಕಲೆಂದೇ ಹೆಸರು. ಆದರೆ ಕರಾವಳಿಯಲ್ಲಿ ಗೇಣಿ ಸಲ್ಲುವವರೆಗೂ ಕದಲಿಸಲಾಗದ ಮೂಲಗೇಣಿಯ ಒಕ್ಕಲೂ ಒಡೆಯನು ಬಿಡಿಸಬಹುದಾಗಿದ್ದ ಚಾಲಗೇಣಿಯ ಒಕ್ಕಲೂ ಇದ್ದುದರಿಂದ, ಆ ಮಾತನ್ನು ಬಳಸಿದರೆ ಅವಕ್ರಯಿಯು ಇವರಲ್ಲಿ ಯಾವ ಬಗೆಯವನೆಂಬ ಭ್ರಾಂತಿ ಹುಟ್ಟುವುದು. ವರ್ಷದ ಅವಧಿಯೊಳಗೆ ಅವನು ಮೂಲಗೇಣಿಯವನಂತೆ, ಅವಧಿ ಮುಗಿದ ಮೇಲೆ ಚಾಲಗೇಣಿಯವನಂತೆ. ಹೆಚ್ಚು ಎಚ್ಚರ ಬೇಕಾದದ್ದು ಕ್ರಿಯಾಪದದಲ್ಲಿ. ಕನ್ನಡದ ಒಕ್ಕಲೆಬ್ಬಿಸುವುದೆಂಬ ಮಾತು ಬಿಡಹೇಳುವುದರಿಂದ ಹಿಡಿದು ಪಾತ್ರೆಪಡಗವನ್ನು ಬೀದಿಗೆ ಎಸೆಯುವವರೆಗಿನ ಎಲ್ಲವನ್ನೂ ಒಂದೇ ತೆಕ್ಕೆಯಲ್ಲಿ ಹಿಡಿಯುತ್ತದೆ. ಮೂಲದಲ್ಲಾದರೋ ಪ್ರತಿಷೇಧವು ಬೇರೆ, ನಿರಸನವು ಬೇರೆ. ಒಂದು ನಾಲಗೆಯ ಕೆಲಸ, ಇನ್ನೊಂದು ತೋಳಿನ ಕೆಲಸ. ಮೊದಲನೆಯ ಸೂತ್ರಕ್ಕೆ ಬಿಡಹೇಳಿದ ಮೇಲೂ ಇರುವವನೆಂದೂ ಎರಡನೆಯದಕ್ಕೆ ಹೊರದೂಡುವವನೆಂದೂ ಬೇರೆಬೇರೆಯಾಗಿ ಬರೆಯದೆ ಎರಡಕ್ಕೂ ಒಕ್ಕಲೆಬ್ಬಿಸುವುದನ್ನೇ ಇಟ್ಟರೆ, ದೇವದತ್ತನು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಕನ್ನಡದ ಓದುಗನಿಗೆ ತಿಳಿಯದೆ ಹೋಗುವುದು.